ಮುತ್ತಜ್ಜನ ಅಪ್ಪನ ಹೆಸರಿಗೆ ಸರ್ವೆ ನಂಬರಿನ ದಾರಿ

ಹಳೇ ದಾಖಲೆಗಳಲ್ಲಿ ಮನೆತನದ ಹಿರಿಯರನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಒಂದು ಹೆಸರು ಹಿಡಿದು ಹೊರಡುತ್ತಾರೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ "ನಮ್ಮ ತಾತನ ತಂದೆ ಕರೀಗೌಡರ ದಾಖಲೆ ಬೇಕು" ಅಂದರೆ ಅಲ್ಲಿನವರು ಏನೂ ಮಾಡಲಾರರು. ಕಂದಾಯ ಇಲಾಖೆಯ ಪುಸ್ತಕಗಳನ್ನು ಜೋಡಿಸಿರುವುದು ಹೋಬಳಿ, ಗ್ರಾಮ, ಸರ್ವೆ ನಂಬರಿನ ಪ್ರಕಾರ. ಹೆಸರಿನ ಅಕಾರಾದಿ ಅಲ್ಲಿಲ್ಲ. ಅದೇ "ಇಂಥ ಗ್ರಾಮದ ಸರ್ವೆ ನಂಬರ್ 47ರ ಹಳೇ ಪಹಣಿ, ಎಂ.ಆರ್., ಐ.ಎಲ್., ಆರ್.ಆರ್. ಕೊಡಿ" ಎಂದು ಬರೆದುಕೊಟ್ಟರೆ ಪುಸ್ತಕ ಕೆಳಗಿಳಿಯುತ್ತದೆ. ಪಹಣಿ ಅಂದರೆ ಜಮೀನು ಯಾರದು, ಯಾರು ಉಳುತ್ತಾರೆ ಎಂದು ಬರೆದಿಡುವ ದಾಖಲೆ, ಎಂ.ಆರ್. ಅಂದರೆ ಖಾತೆ ಬದಲಾವಣೆಯ ಪುಸ್ತಕ (ಮ್ಯುಟೇಶನ್ ರಿಜಿಸ್ಟರ್). ಉಳಿದೆರಡರ ವಿಷಯ ಮುಂದೆ ಬರುತ್ತದೆ. ಕರಿಯ ಕರೀಗೌಡನಾಗಿ, ಮುಂದೆ ಕರಿಯಪ್ಪನಾಗಿ ಬದಲಾಗಬಹುದು. ನೆಲ ಇದ್ದಲ್ಲೇ ಇರುತ್ತದೆ.

ಇಲ್ಲಿ ಹೇಳುವುದು ಮುಖ್ಯವಾಗಿ ಹಳೇ ಮೈಸೂರು ಸೀಮೆಯ ಲೆಕ್ಕ. ಮುಂಬೈ, ಹೈದರಾಬಾದ್, ಮದ್ರಾಸ್ ಆಡಳಿತದಲ್ಲಿದ್ದ ಜಿಲ್ಲೆಗಳ ವಿಷಯ ಕೊನೆಯಲ್ಲಿದೆ.

ಮೊದಲು ಜನಗಣತಿಯ ಆಸೆ ಬಿಡಬೇಕು. ಅಮೆರಿಕ, ಇಂಗ್ಲೆಂಡಿನವರು ನೂರು ವರ್ಷದ ಹಿಂದಿನ ಗಣತಿಯ ಹಾಳೆಯಲ್ಲಿ ಅಜ್ಜನ ಹೆಸರು, ವಯಸ್ಸು, ಕಸುಬು ನೋಡುತ್ತಾರೆ. ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಮನೆಮನೆಯ ವಿವರ ಯಾರೂ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಅದು ನಡೆಯದು. ಜನಗಣತಿಯಿಂದ ಸಿಗುವುದು ಊರಿನ ಚರಿತ್ರೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ಕ್ಕೆ 41.8 ಲಕ್ಷಕ್ಕೆ ಇಳಿಯಿತು. ನಡುವೆ ಬಂದು ಹೋದದ್ದು ಧಾತು ಈಶ್ವರ ಬರ, ಅಂದರೆ 1876ರಿಂದ 78. ಎಷ್ಟೋ ಮನೆತನಗಳ ವಂಶಾವಳಿ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಆ ಕಾಲದಲ್ಲಿ ಊರು ಬಿಟ್ಟು ಬಂದವರ ವಂಶವಾದರೆ ಅದಕ್ಕೂ ಹಿಂದಿನದನ್ನು ಈಗಿನ ಊರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಇನ್ನು 1951ರಿಂದ ಈಚೆಗೆ ಬಂದ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಪ್ರತಿ ತಾಲ್ಲೂಕಿನ ಗ್ರಾಮಗಳ ಪಟ್ಟಿ ಇದೆ. ಅಜ್ಜಿ ಹೇಳುತ್ತಿದ್ದ ಊರು ಈಗಿನ ನಕಾಶೆಯಲ್ಲಿ ಕಾಣದಿದ್ದರೆ ಅಲ್ಲಿ ಹುಡುಕಿ. ಜನವಸತಿ ಇಲ್ಲದ ಬೇಚರಾಕ್ ಗ್ರಾಮವಾಗಿ ಅದರ ಹೆಸರು ಉಳಿದಿರಬಹುದು. ಬೇಚರಾಕ್ ಗ್ರಾಮಕ್ಕೂ ಸರ್ವೆ ನಂಬರುಗಳಿರುತ್ತವೆ, ಪಹಣಿ ಇರುತ್ತದೆ.

ಸರ್ವೆ ನಂಬರು ಗೊತ್ತಿಲ್ಲದವರು ಹೊಲದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ನಂಬರು ಬರುತ್ತದೆ. ಹೊಲವೇ ಮಾರಿಹೋಗಿದ್ದರೂ ಅದು ಎಲ್ಲಿತ್ತು ಎಂದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಮನೆಯ ಟ್ರಂಕಿನಲ್ಲಿ ಕಂದಾಯದ ರಶೀದಿ, ಪಟ್ಟಾ ಪುಸ್ತಕ, ಸಹಕಾರ ಸಂಘದ ಸಾಲದ ಕಾಗದ, ಸಾಗುವಳಿ ಚೀಟಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ರಶೀದಿಯಲ್ಲಿ ಸರ್ವೆ ನಂಬರು ಇಲ್ಲದೆ ಖಾತೆ ನಂಬರು ಮಾತ್ರ ಇದ್ದರೂ ಸಾಕು. ಒಂದು ಖಾತೆಯಡಿ ಒಬ್ಬ ಕುಳದ ಎಲ್ಲ ಜಮೀನೂ ಬರುತ್ತದೆ.

ನಂಬರು ಕೈಗೆ ಬಂದ ಮೇಲೆ ಈಗಿನ ಪಹಣಿಯಿಂದ ಶುರು ಮಾಡಿ. ವಂಶ ಹುಡುಕುವವರಿಗೆ ಬೇಕಾದದ್ದು ಅದರಲ್ಲಿ ಎರಡೇ ಕಾಲಂ. 9ರಲ್ಲಿ ಖಾತೆದಾರನ ಹೆಸರು, ತಂದೆಯ ಹೆಸರು, ವಿಸ್ತೀರ್ಣ, ಖಾತೆ ನಂಬರು ಇರುತ್ತದೆ. 10ರಲ್ಲಿ ಆ ಜಮೀನು ಅವನಿಗೆ ಹೇಗೆ ಬಂತು ಎಂಬುದು. ಎಂ.ಆರ್. ನಂಬರು, ವರ್ಷ, ಜೊತೆಗೆ ಪೌತಿ (ಖಾತೆದಾರ ತೀರಿಕೊಂಡು ವಾರಸಿಗೆ ಬಂದದ್ದು), ವಿಭಾಗ, ಕ್ರಯ, ದಾನ, ದರಖಾಸ್ತು (ಸರ್ಕಾರ ಮಂಜೂರು ಮಾಡಿದ್ದು) ಇವುಗಳಲ್ಲಿ ಯಾವುದೋ ಒಂದು. ಹಿಂದಕ್ಕೆ ಹೋಗುವ ಮೆಟ್ಟಿಲು ಈ 10ನೇ ಕಾಲಂ. ಕೈಬರಹದ ಪಹಣಿಗಳಲ್ಲಿ 12(2) ಕೂಡ ನೋಡಬೇಕು, ಉಳುಮೆ ಮಾಡುತ್ತಿದ್ದವನ ಹೆಸರು ಅಲ್ಲಿರುತ್ತದೆ. ಗೇಣಿ ಮಾಡಿಕೊಂಡಿದ್ದ ಮನೆತನಗಳು ದಾಖಲೆಯಲ್ಲಿ ಮೊದಲು ಕಾಣಿಸಿಕೊಳ್ಳುವುದೇ ಅಲ್ಲಿ.

ಪೌತಿ ಎಂದಿದ್ದರೆ ಆ ಎಂ.ಆರ್. ಪ್ರತಿ ತೆಗೆಸಿ. ತೀರಿಕೊಂಡವರ ಹೆಸರು, ವಾರಸುದಾರರು, ಒಬ್ಬೊಬ್ಬರ ಸಂಬಂಧ, ಕೆಲವೊಮ್ಮೆ ವಯಸ್ಸು ಅದರಲ್ಲಿ ಇರುತ್ತದೆ. ಹಳೇ ಪಹಣಿಯಲ್ಲಿ ಐ.ಎಚ್.ಸಿ. ಎಂದು ನಂಬರು ಕಂಡರೆ ಅದೂ ವಾರಸಾ ಬದಲಾವಣೆಯೇ. ಆರ್.ಆರ್.ಟಿ. ಎಂದಿದ್ದರೆ ಖಾತೆಯ ಮೇಲೆ ತಕರಾರು ನಡೆದಿತ್ತು ಎಂದರ್ಥ. ಅಣ್ಣತಮ್ಮಂದಿರ ಜಗಳ ಅವರಿಗೆ ಕಷ್ಟ, ನಮಗೆ ಲಾಭ. ಆ ಕಡತದಲ್ಲಿ ಎರಡೂ ಕಡೆಯವರು ವಂಶವೃಕ್ಷ ಹಾಕಿರುತ್ತಾರೆ, ಹೇಳಿಕೆ ಕೊಟ್ಟಿರುತ್ತಾರೆ, ಒಬ್ಬರು ಮುಚ್ಚಿಟ್ಟದ್ದನ್ನು ಇನ್ನೊಬ್ಬರು ಬಿಚ್ಚಿರುತ್ತಾರೆ. ಸಿವಿಲ್ ಕೋರ್ಟಿನ ಪಾಲಿನ ದಾವೆಗಳದ್ದೂ ಇದೇ ಕಥೆ. ದಾವೆ ಪತ್ರದ ಜೊತೆಗೇ ವಂಶಾವಳಿ ಲಗತ್ತಾಗಿರುತ್ತದೆ.

ಪೌತಿ ಖಾತೆಯ ವರ್ಷ ಸಾವಿನ ವರ್ಷವಲ್ಲ ಎಂಬುದು ನೆನಪಿರಲಿ. ಯಜಮಾನ ತೀರಿಕೊಂಡು ಇಪ್ಪತ್ತು ವರ್ಷ ಯಾರೂ ಕಚೇರಿಯ ಕಡೆ ತಲೆ ಹಾಕಿರುವುದಿಲ್ಲ. ಬ್ಯಾಂಕ್ ಸಾಲ ಬೇಕಾದಾಗಲೋ ಜಮೀನು ಮಾರುವಾಗಲೋ ಖಾತೆ ಬದಲಾಗುತ್ತದೆ. 1968-69ರ ಎಂ.ಆರ್. ನೋಡಿ ಅಜ್ಜ 1968ರಲ್ಲಿ ತೀರಿಕೊಂಡರು ಎಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ಅಡ್ಡ ಹೋಗುತ್ತದೆ. ಇನ್ನೊಂದು ತೊಡಕು, ಮನೆಯಲ್ಲಿ ನಾಲ್ವರು ಗಂಡುಮಕ್ಕಳಿದ್ದರೂ ಖಾತೆ ಹಿರಿಯವನೊಬ್ಬನ ಹೆಸರಿಗೆ ಆಗಿರುವುದು. ಉಳಿದವರು ದಾಖಲೆಯಲ್ಲಿ ಕಾಣಿಸುವುದು ವಿಭಾಗವಾದ ಮೇಲೆ.

ಕ್ರಯ ಎಂದಿದ್ದರೆ ಎಚ್ಚರ. ಆ ನೆಲದ ಮೇಲೆ ನಿಮ್ಮ ವಂಶದ ಎಳೆ ಅಲ್ಲಿಗೆ ಮುಗಿಯಿತು, ಹಿಂದಿನ ಹೆಸರುಗಳು ಬೇರೆ ಮನೆಯವು. ಇದನ್ನು ಗಮನಿಸದೆ ಮಾರಿದವನನ್ನೇ ಪೂರ್ವಜ ಮಾಡಿಕೊಂಡ ವಂಶವೃಕ್ಷಗಳು ಬೇಕಾದಷ್ಟಿವೆ, ಅದರಲ್ಲೂ ಎರಡೂ ಮನೆ ಒಂದೇ ಜಾತಿಯವಾಗಿದ್ದರೆ. ಆಗ ಮಾಡಬೇಕಾದದ್ದು ಎರಡು. ಕ್ರಯಪತ್ರ ತೆಗೆಸಿ ಕೊಂಡವನ ತಂದೆಯ ಹೆಸರು, ವಾಸದ ಊರು ನೋಡುವುದು. ಅದೇ ಖಾತೆಯ ಬೇರೆ ಸರ್ವೆ ನಂಬರುಗಳಲ್ಲಿ ಪಿತ್ರಾರ್ಜಿತವಾಗಿ ಬಂದದ್ದು ಯಾವುದು ಎಂದು ಹುಡುಕಿ ಆ ನಂಬರಿನ ಮೇಲೆ ಹಿಂದಕ್ಕೆ ಹೋಗುವುದು.

ಹಿಸ್ಸಾ ನಂಬರುಗಳು, ಅಂದರೆ ಸರ್ವೆ ನಂಬರು ಪಾಲಾದಾಗ ಬರುವ ಒಳನಂಬರುಗಳು, ವಿಭಾಗದ ಕಥೆಯನ್ನು ಅಂಕಿಯಲ್ಲೇ ಹೇಳುತ್ತವೆ. ಒಂದು ಸರ್ವೆ ನಂಬರು ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದು 6 ಎಕರೆ ಇದೆ ಎಂದುಕೊಳ್ಳಿ. ಪೋಡಿಯಾದ, ಅಂದರೆ ಅಳೆದು ಬೇರೆ ಮಾಡಿದ ಮೇಲೆ 1ನೇ ಹಿಸ್ಸಾ 2 ಎಕರೆ, 2ನೇ ಹಿಸ್ಸಾ 2 ಎಕರೆ, 3 ಮತ್ತು 4 ಒಂದೊಂದು ಎಕರೆ. ಮೂವರು ಅಣ್ಣತಮ್ಮಂದಿರು, ಅವರಲ್ಲಿ ಒಬ್ಬರು ಪಾಲಿಗೆ ಮೊದಲೇ ತೀರಿಕೊಂಡು ಅವರ ಇಬ್ಬರು ಮಕ್ಕಳು ಆ ಪಾಲನ್ನು ಹಂಚಿಕೊಂಡಿದ್ದಾರೆ ಎಂದು ಊಹಿಸಲು ಇಷ್ಟು ಸಾಕು. 3 ಮತ್ತು 4ನೇ ಹಿಸ್ಸಾದವರ ತಂದೆಯ ಹೆಸರು ಒಂದೇ ಆಗಿದ್ದು, 1 ಮತ್ತು 2ನೆಯವರಿಬ್ಬರ ತಂದೆ ಒಬ್ಬನೇ, ಆದರೆ ಅವನು ಬೇರೆಯವನು ಎಂದಿದ್ದರೆ ಊಹೆ ಗಟ್ಟಿಯಾಯಿತು. ಈಗ 3, 4ನೇ ಹಿಸ್ಸಾದವರ ಅಜ್ಜನ ಹೆಸರು ಗೊತ್ತಾಗಬೇಕಾದರೆ 1ನೇ ಹಿಸ್ಸಾದವನ ತಂದೆ ಯಾರೆಂದು ನೋಡಿದರೆ ಆಯಿತು. ಆದರೆ ಪಾಲು ಯಾವಾಗಲೂ ಸಮನಾಗಿರುವುದಿಲ್ಲ. ಗದ್ದೆ ಕಡಿಮೆ ಬಂದವನಿಗೆ ಹೊಲ ಹೆಚ್ಚು ಕೊಟ್ಟಿರುತ್ತಾರೆ, ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಒಂದಷ್ಟು ಬಿಟ್ಟಿರುತ್ತಾರೆ. ಆದ್ದರಿಂದ ಒಂದು ಸರ್ವೆ ನಂಬರಿನ ಮೇಲೆ ತೀರ್ಮಾನಕ್ಕೆ ಬರಬೇಡಿ. ಅದೇ ಮನೆಯ ಎರಡು ಮೂರು ನಂಬರು ನೋಡಿ. ಅಳತೆಯ ಲೆಕ್ಕ 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಆಣೆ ಎಂದ ಕೂಡಲೇ ಕಂದಾಯದ ಹಣ ಎಂದು ಓದಿ ಗೊಂದಲಕ್ಕೆ ಬೀಳುವವರಿದ್ದಾರೆ. ಯಾವ ಕಾಲಂನಲ್ಲಿದೆ ನೋಡಿ.

ಗಣಕೀಕೃತ ಪಹಣಿ ಭೂಮಿ ಯೋಜನೆಯಿಂದ ಈಚಿನದು, ಅಂದರೆ 2000ದ ಆಸುಪಾಸಿನಿಂದ. ಅದಕ್ಕೂ ಹಿಂದಿನದು ಕೈಬರಹದ ಪುಸ್ತಕ. ಇವುಗಳ ಪ್ರತಿ ಕೇಳುವಾಗ ಜೆರಾಕ್ಸ್ ಅಥವಾ ಸ್ಕ್ಯಾನ್ ಪ್ರತಿಯನ್ನೇ ದೃಢೀಕರಿಸಿ ಕೊಡುವಂತೆ ಬರೆಯಿರಿ. ನಕಲು ಬರೆದು ಅಥವಾ ಟೈಪು ಮಾಡಿ ಕೊಟ್ಟದ್ದರಲ್ಲಿ ಹೊಡೆದುಹಾಕಿದ ಹೆಸರುಗಳು ಬಿಟ್ಟುಹೋಗುತ್ತವೆ. ನಮಗೆ ಬೇಕಾದದ್ದು ಆ ಹೊಡೆದುಹಾಕಿದ ಹೆಸರೇ. ಗೀಟಿನ ಕೆಳಗೆ ಅಪ್ಪ, ಮೇಲೆ ಮಗ, ಪಕ್ಕದಲ್ಲಿ ಎಂ.ಆರ್. ನಂಬರು. ಭೂಮಿಗೆ ದಾಖಲೆ ಏರಿಸುವಾಗ ಆದ ಅಕ್ಷರ ದೋಷಗಳೂ ಇವೆ, ಚಿಕ್ಕಣ್ಣ ಚಿನ್ನಣ್ಣನಾಗಿದ್ದರೆ ಕೈಬರಹವನ್ನೇ ನಂಬಿ. ತಾಲ್ಲೂಕು ರೆಕಾರ್ಡ್ ರೂಮುಗಳ ಹಳೇ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನದು ಮುಗಿದಿದ್ದರೆ ಮುಟ್ಟಿದರೆ ಪುಡಿಯಾಗುವ ಪುಸ್ತಕ ಬಿಚ್ಚಿಸುವ ಪ್ರಮೇಯವಿಲ್ಲ.

ಪಹಣಿಗೂ ಹಿಂದೆ ಐ.ಎಲ್. ಮತ್ತು ಆರ್.ಆರ್., ಅಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್. ಮೈಸೂರು ಸಂಸ್ಥಾನದ 1927ರ ಕಾಯ್ದೆಯ ಮೇಲೆ ಬರೆಸಿದ ಪುಸ್ತಕಗಳು ಇವು, ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ವರ್ಷ ಬಂದವು. ಸರ್ವೆ ನಂಬರು ಹಿಡಿದು ಐ.ಎಲ್. ನೋಡಿದರೆ ಆರ್.ಆರ್. ನಂಬರು ಸಿಗುತ್ತದೆ, ಆರ್.ಆರ್. ಪುಟದಲ್ಲಿ ಹಕ್ಕು ಬಂದ ಬಗೆ ಇರುತ್ತದೆ. 1930, 40ರ ದಶಕದಲ್ಲಿ ನಡುವಯಸ್ಸಾಗಿದ್ದವನ ಹೆಸರು, ಅವನ ಹೆಸರಿನ ಮುಂದೆ "ಬಿನ್" ಎಂದು ಅವನ ತಂದೆಯ ಹೆಸರು. ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿತು, ತಂದೆ 19ನೇ ಶತಮಾನದವನು. ಹೆಂಗಸರ ಹೆಸರಾದರೆ "ಕೋಂ" ಎಂದು ಗಂಡನ ಹೆಸರು ಬರುತ್ತದೆ. ಉರುಫ್ ಎಂದಿದ್ದರೆ ಮನೆಯಲ್ಲಿ ಕರೆಯುವ ಹೆಸರು, ಅದನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಮುಂದಿನ ದಾಖಲೆಯಲ್ಲಿ ಆ ಹೆಸರೇ ಮೇಲೆ ಬಂದಿರುತ್ತದೆ.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇರುವ ಮನೆಗಳಲ್ಲಿ ಎಡವುವುದು ಇಲ್ಲೇ. ಈಗಿನ ಪಹಣಿಯಲ್ಲಿ ತಿಮ್ಮೇಗೌಡ ಬಿನ್ ಕರೀಗೌಡ, ಎಂ.ಆರ್.ನಲ್ಲಿ ಕರೀಗೌಡ ಬಿನ್ ದೊಡ್ಡತಿಮ್ಮೇಗೌಡ, ಆರ್.ಆರ್.ನಲ್ಲಿ ದೊಡ್ಡತಿಮ್ಮ ಬಿನ್ ಕರಿಯ. ಈ ಕರಿಯ ಆ ಕರೀಗೌಡನಲ್ಲ, ಅವನ ಅಜ್ಜ. ಹೆಸರು ಮಾತ್ರ ನೋಡಿದರೆ ಎರಡು ತಲೆಮಾರು ಒಂದರೊಳಗೊಂದು ಸೇರಿಹೋಗುತ್ತದೆ. ಪ್ರತಿ ಹೆಸರಿನ ಮುಂದೆ ದಾಖಲೆಯ ವರ್ಷ ಬರೆದು, ತಲೆಮಾರಿಗೆ ಸುಮಾರು 25ರಿಂದ 30 ವರ್ಷ ಹಿಡಿದು ಹೊಂದುತ್ತದೆಯೇ ನೋಡಿ. ದತ್ತು ಹೋದವರಿಗೆ ಬಿನ್ ಮುಂದೆ ದತ್ತು ತಂದೆಯ ಹೆಸರು ಬರುತ್ತದೆ ಎಂಬುದೂ ಗಮನದಲ್ಲಿರಲಿ.

ಇನ್ನೂ ಹಿಂದಕ್ಕೆ ಹೋದರೆ ಸರ್ವೆ ಸೆಟ್ಲ್‌ಮೆಂಟ್ ಕಾಗದಗಳು. ಮೈಸೂರಿನಲ್ಲಿ ಮುಂಬೈ ಪದ್ಧತಿಯ ಕಂದಾಯ ಸರ್ವೆ 1863ರಲ್ಲಿ ಚಿತ್ರದುರ್ಗದ ಕಡೆಯಿಂದ ಶುರುವಾಯಿತು. ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆ ಸರ್ವೆ ಇಲಾಖೆಯಲ್ಲಿ ಸಿಗುತ್ತವೆ. ಆಕಾರಬಂದಿನಲ್ಲಿ ವಿಸ್ತೀರ್ಣ ಮತ್ತು ಆಕಾರ (ಜಮೀನಿನ ಕಂದಾಯ) ಮುಖ್ಯ, ವಂಶಕ್ಕೆ ಅದರಿಂದ ಹೆಚ್ಚೇನೂ ಸಿಗದು. ಇನಾಂ ಜಮೀನು ಇದ್ದ ಮನೆತನಗಳ ಅದೃಷ್ಟ ಬೇರೆ. ಇನಾಂ ಯಾರಿಗೆ, ಯಾವ ಕಾಲದಲ್ಲಿ, ಯಾವ ಸೇವೆಗೆ ಕೊಟ್ಟದ್ದು, ಈಗ ಅನುಭವಿಸುತ್ತಿರುವವನು ಮೂಲ ಇನಾಂದಾರನಿಗೆ ಏನಾಗಬೇಕು ಎಂದು 19ನೇ ಶತಮಾನದಲ್ಲೇ ವಿಚಾರಣೆ ಆಗಿದೆ. ಆಮೇಲೆ 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳಡಿ ಮತ್ತೊಂದು ಸುತ್ತಿನ ಕಡತಗಳು ಹುಟ್ಟಿದವು. ಪಟೇಲ, ಶಾನುಭೋಗ, ತೋಟಿ, ತಳವಾರ ಮನೆಗಳಿಗೂ ಹೀಗೆಯೇ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದ ಮೇಲೆ ಆ ಜಮೀನುಗಳ ಮರುಮಂಜೂರಿಗೆ ಅರ್ಜಿ ಹಾಕಿದವರು ತಾವು ಹುದ್ದೆಯ ವಂಶಸ್ಥರೆಂದು ತೋರಿಸಬೇಕಾಗಿತ್ತು. ಸ್ವಂತ ಜಮೀನೇ ಇಲ್ಲದಿದ್ದ ಗೇಣಿದಾರರ ಮನೆಗೆ ಭೂ ನ್ಯಾಯಮಂಡಳಿಯ ಕಡತವೇ ಆಧಾರ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿಯಡಿ ಹಾಕಿದ ಫಾರಂ 7 ಅರ್ಜಿ, ಅದರ ಜೊತೆಯ ಹೇಳಿಕೆಗಳಲ್ಲಿ "ನಮ್ಮ ತಂದೆಯ ಕಾಲದಿಂದ, ಅಜ್ಜನ ಕಾಲದಿಂದ ಉಳುತ್ತಿದ್ದೇವೆ" ಎಂಬ ಮಾತಿಗೆ ಹೆಸರು ಸೇರಿರುತ್ತದೆ.

ಸಬ್ ರಿಜಿಸ್ಟ್ರಾರ್ ಕಚೇರಿಯನ್ನು ಎಷ್ಟೋ ಜನ ಮರೆತೇಬಿಡುತ್ತಾರೆ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ 1ನೇ ಪುಸ್ತಕ ಮತ್ತು ಅದರ ಇಂಡೆಕ್ಸನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಸ್ಥಿರಾಸ್ತಿಯ ಪತ್ರಗಳೆಲ್ಲ ಈ ಪುಸ್ತಕದಲ್ಲಿ. ವ್ಯಕ್ತಿಯ ಹೆಸರಿನಿಂದ ಹುಡುಕಲು ಇಲ್ಲಿ ಅವಕಾಶ ಇದೆ, ಒಂದನೇ ಇಂಡೆಕ್ಸ್ ಹೆಸರಿನದು, ಎರಡನೆಯದು ಆಸ್ತಿಯದು. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯಾದ ಋಣಭಾರ ಪತ್ರ (ಇ.ಸಿ.) ಆನ್‌ಲೈನಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಇ.ಸಿ.ಯಲ್ಲಿ ಪೌತಿ ಬರುವುದಿಲ್ಲ, ಊರ ಪಂಚಾಯಿತಿಯಲ್ಲಿ ಆದ ಪಾಲು ಪಾರೀಖತ್ತೂ ಬರುವುದಿಲ್ಲ. 100 ರೂಪಾಯಿಗಿಂತ ಕಡಿಮೆ ಬೆಲೆಯ ಕ್ರಯಕ್ಕೆ ನೋಂದಣಿ ಕಡ್ಡಾಯವಿರಲಿಲ್ಲವಾದ್ದರಿಂದ ಹಳೇ ಕಾಲದ ಸಣ್ಣ ವ್ಯವಹಾರಗಳೂ ಸಿಗದಿರಬಹುದು.

ಪತ್ರ ಸಿಕ್ಕರೆ ಕೊಂಡವರು, ಮಾರಿದವರು ಎಂಬಲ್ಲಿಗೆ ಓದು ನಿಲ್ಲಿಸಬೇಡಿ. ಚೆಕ್ಕುಬಂದಿ ನೋಡಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಗದ್ದೆ ಎಂದು ಬರೆದಿರುವ ಆ ಇಂಥವರು ಬಹುಪಾಲು ದಾಯಾದಿಗಳು. ಒಂದು ಕಾಲಕ್ಕೆ ಒಂದೇ ಆಗಿದ್ದ ಹೊಲ ಪಾಲಾದದ್ದರಿಂದಲೇ ಅವರು ಪಕ್ಕದವರಾದದ್ದು. ಸಾಕ್ಷಿ ಹಾಕಿದವರಲ್ಲಿ ಭಾವಮೈದುನರೋ ಬೀಗರೋ ಇರುತ್ತಾರೆ. "ಬಿಕ್ಕಲಂ" ಎಂದು ಕೊನೆಗೆ ಇರುವುದು ಪತ್ರ ಬರೆದವನ ಹೆಸರು, ಅದನ್ನು ಸಂಬಂಧಿಕರ ಲೆಕ್ಕಕ್ಕೆ ಸೇರಿಸಬೇಡಿ. ಹೆಣ್ಣುಮಕ್ಕಳ ಹೆಸರು ಹಳೇ ಪಹಣಿಯಲ್ಲಿ ಅಪರೂಪ. ದಾನಪತ್ರ, ವಿಧವೆಯ ಜೀವನಾಂಶದ ಪತ್ರ, ಮೈನರ್ ಮಕ್ಕಳ ಪರವಾಗಿ ತಾಯಿ ಮಾಡಿದ ಕ್ರಯ ಇವುಗಳಲ್ಲಿ ಸಿಗುತ್ತದೆ. ಅಜ್ಜಿಯ ತವರು ಹುಡುಕಬೇಕಾದವರು ಪಹಣಿ ಪಕ್ಕಕ್ಕಿಟ್ಟು ಮೊದಲು ಇವನ್ನೇ ನೋಡುವುದು ಒಳ್ಳೆಯದು.

ತಾರೀಕಿನ ವಿಷಯದಲ್ಲಿ ಕಣ್ಣಿಟ್ಟಿರಿ. ಬರೀ ಸಂವತ್ಸರದ ಹೆಸರಿದ್ದರೆ 60 ವರ್ಷದ ಅನುಮಾನ ಉಳಿಯುತ್ತದೆ. ರಕ್ತಾಕ್ಷಿ ಅಂದರೆ 1864-65 ಆಗಬಹುದು, 1924-25 ಆಗಬಹುದು. ಶಕವರ್ಷ ಇದ್ದರೆ 78 ಕೂಡಿಸಿ. ಫಸಲಿಗೆ, ಅಂದರೆ ಕಂದಾಯದ ಲೆಕ್ಕದ ವರ್ಷಕ್ಕೆ 590 ಕೂಡಿಸಿದರೆ ಆ ಫಸಲಿ ಶುರುವಾದ ವರ್ಷ ಬರುತ್ತದೆ, 1358 ಫಸಲಿ ಅಂದರೆ 1948-49. ಏನೂ ಇಲ್ಲದಿದ್ದರೆ ಛಾಪಾ ಕಾಗದ ನೋಡಿ. ಗಂಡಭೇರುಂಡವಿದ್ದರೆ ಮೈಸೂರು ಸಂಸ್ಥಾನದ್ದು, ಬ್ರಿಟಿಷ್ ಸೀಮೆಯದಾದರೆ ಯಾವ ರಾಜನ ತಲೆ ಎಂಬುದರಿಂದ ಕಾಲ ಹಿಡಿಯಬಹುದು. ಕೈಬರಹದ ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಅದಲುಬದಲಾಗುವುದು ಮಾಮೂಲು. ಅದೇ ಪುಟದಲ್ಲಿ ಅನುಮಾನವಿಲ್ಲದ ಒಂದು ೬ ಹುಡುಕಿ ಅದಕ್ಕೆ ಹೋಲಿಸಿ ಓದಬೇಕು.

ಉಳಿದ ಜಿಲ್ಲೆಗಳು. ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಪಹಣಿಗೆ ಉತಾರ ಅನ್ನುತ್ತಾರೆ. ಮುಂಬೈ ಪ್ರಾಂತ್ಯದ ಹಕ್ಕು ದಾಖಲೆ 20ನೇ ಶತಮಾನದ ಮೊದಲ ದಶಕಗಳಿಂದಲೇ ಶುರುವಾದದ್ದರಿಂದ ಮೈಸೂರಿಗಿಂತ ಒಂದು ತಲೆಮಾರು ಹೆಚ್ಚು ಸಿಗುತ್ತದೆ. ಹಳೆಯವು ಮರಾಠಿಯ ಮೋಡಿ ಲಿಪಿಯಲ್ಲಿದ್ದರೆ ಬಲ್ಲವರಿಂದ ಓದಿಸಬೇಕು. ವತನದಾರ, ಇನಾಂದಾರ ಮನೆತನದವರಿಗೆ ಪುಣೆಯ ಪೇಶ್ವೆ ದಫ್ತರದವರೆಗೂ ದಾರಿ ಇದೆ. ಕಲಬುರಗಿ, ಬೀದರ್, ರಾಯಚೂರು ಕಡೆ 1954-55ರ ಖಾಸ್ರಾ ಪಹಣಿ ಗಟ್ಟಿ ಮೆಟ್ಟಿಲು, ಅದಕ್ಕೂ ಹಿಂದಿನವು ಉರ್ದುವಿನಲ್ಲಿ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಮದ್ರಾಸಿನಲ್ಲಿದ್ದವು. ಅಲ್ಲಿನ ಹಳೇ ದಾಖಲೆಗೆ ಚೆನ್ನೈ ಪತ್ರಾಗಾರವನ್ನೂ ನೋಡಬೇಕು.

ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಒಂದಾದ ಮೇಲೊಂದು ಬರುವ ಹೆಸರುಗಳು ಅಪ್ಪ ಮಗನದಲ್ಲ, ಸೋದರಮಾವ ಮತ್ತು ಅವನ ಅಕ್ಕತಂಗಿಯರ ಮಗನದು. ಮೈಸೂರಿನ ಲೆಕ್ಕ ಇಲ್ಲಿ ಹಾಕಿದರೆ ವಂಶವೃಕ್ಷ ತಲೆಕೆಳಗಾಗುತ್ತದೆ. ಆದರೆ 1949ರ ಅಳಿಯಸಂತಾನ ಕಾಯ್ದೆಯ ನಂತರ ನೋಂದಣಿಯಾದ ಪಾಲುಪತ್ರಗಳಲ್ಲಿ ಕವರುಗಳ (ತಾಯಿಯ ಕಡೆಯ ಕವಲುಗಳ) ಲೆಕ್ಕದಲ್ಲಿ ಹೆಂಗಸರು ಮಕ್ಕಳೆಲ್ಲ ಸೇರಿರುತ್ತಾರೆ. ಅಂಥದೊಂದು ಪತ್ರ ಸಿಕ್ಕರೆ ಇಡೀ ಕುಟುಂಬ ಒಮ್ಮೆಗೇ ಕೈಗೆ ಬಂದಂತೆ. ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಜಮೀನಿನಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು, ಅದರ ಹಿರಿಯನಾದ ಪಟ್ಟೇದಾರನ ಹೆಸರು ನೋಡಬೇಕು.

ಅರ್ಜಿಯ ಮಾತು. ತಹಶೀಲ್ದಾರರಿಗೆ ದೃಢೀಕೃತ ನಕಲಿಗೆ ಅರ್ಜಿ ಕೊಡಿ, ಗ್ರಾಮ, ಸರ್ವೆ ನಂಬರು, ದಾಖಲೆಯ ಹೆಸರು, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಎಂದು ಬಿಡಿಸಿ ಬರೆಯಿರಿ. "ಎಲ್ಲ ದಾಖಲೆ" ಎಂದು ಬರೆದ ಅರ್ಜಿ ಮೂಲೆ ಸೇರುತ್ತದೆ. ಇಲ್ಲ ಎಂದರೆ ಬಾಯಿಮಾತಿಗೆ ಒಪ್ಪದೆ ಹಿಂಬರಹ (ದಾಖಲೆ ಇಲ್ಲವೆಂದು ಬರಹದಲ್ಲಿ ಕೊಡುವ ಉತ್ತರ) ಕೇಳಿ, ಹಿಂಬರಹ ಕೊಡಬೇಕೆಂದ ಕೂಡಲೇ ಇನ್ನೊಮ್ಮೆ ಹುಡುಕುವುದುಂಟು. ಹೊಸ ತಾಲ್ಲೂಕುಗಳಾಗಿರುವ ಕಡೆ ಹಳೇ ಪುಸ್ತಕ ಇನ್ನೂ ಮೂಲ ತಾಲ್ಲೂಕಿನಲ್ಲೇ ಇದೆಯೇ ಎಂದು ಮೊದಲೇ ವಿಚಾರಿಸಿ. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಬೇರೆಯವರ ಖಾಸಗಿ ಮಾಹಿತಿ ಎಂದು ನಿರಾಕರಿಸಿದರೆ, 20 ವರ್ಷಕ್ಕೂ ಹಿಂದಿನ ಸಂಗತಿ ಎಂಬ ಆಧಾರದಲ್ಲಿ 8(3) ಕಲಂ ಉಲ್ಲೇಖಿಸಿ ಮೇಲ್ಮನವಿ ಹಾಕಬಹುದು.

ನಾಡಕಚೇರಿಯಿಂದ ಸಿಗುವ ವಂಶವೃಕ್ಷ ದೃಢೀಕರಣವನ್ನು ಹಳೇ ದಾಖಲೆ ಎಂದು ತಿಳಿಯಬೇಡಿ. ಅದು ಅರ್ಜಿದಾರ ಕೊಟ್ಟ ಪ್ರಮಾಣಪತ್ರ ಮತ್ತು ಸ್ಥಳೀಯ ಮಹಜರಿನ ಮೇಲೆ ನಿಂತದ್ದು, ತಾತ ಹೇಳಿದ ತಪ್ಪು ಅದರಲ್ಲಿ ಮುದ್ರೆಯೊಂದಿಗೆ ಬರುತ್ತದೆ. ಉತ್ತರ ಕರ್ನಾಟಕದ ಮನೆಗಳಿಗೆ ಬಂದು ವಂಶಾವಳಿ ಓದಿ ಹೇಳುವ ಹೆಳವರ ಪುಸ್ತಕ ಇದಕ್ಕಿಂತ ಎಷ್ಟೋ ಮೇಲು. ಅವರು ಓದಿದ್ದನ್ನು ಬರೆದುಕೊಂಡು, ಯಾವ ಹೆಸರಿನ ಹೊತ್ತಿಗೆ ಊರು ಬದಲಾಯಿತು ಎಂದು ಕೇಳಿ, ಆ ಹಿಂದಿನ ಊರಿನ ಹಕ್ಕು ದಾಖಲೆಯಲ್ಲಿ ಅದೇ ಅಡ್ಡಹೆಸರಿನವರು ಇದ್ದಾರೆಯೇ ಎಂದು ತಾಳೆ ನೋಡಿ.

ಕೊನೆಗೆ ಊರಿನಲ್ಲಿ ಒಂದು ಮಾತು ಮೊದಲೇ ಹೇಳಿಬಿಡುವುದು ವಾಸಿ. ಹಳೇ ಪಹಣಿ ತೆಗೆಸುತ್ತಿದ್ದಾರೆ ಎಂದು ಗೊತ್ತಾದರೆ ದಾಯಾದಿಗಳು ದಾವೆ ಹಾಕಲಿಕ್ಕೇ ಎಂದುಕೊಳ್ಳುತ್ತಾರೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ವಂಶವೃಕ್ಷಕ್ಕೆ ಎಂದು ತಿಳಿಸಿ, ತೆಗೆಸಿದ ಪ್ರತಿಯ ಒಂದು ಜೆರಾಕ್ಸ್ ಅವರಿಗೂ ಕೊಟ್ಟರೆ ಅವರ ಟ್ರಂಕೂ ತೆರೆಯುತ್ತದೆ.